ಪಟ್ಟಿಯಲ್ಲಿ ಹೆಸರಿಲ್ಲ, ಬಾಗಿಲು ಮಾತ್ರ ತೆರೆದಿದೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತರು ಬರುತ್ತಾರೆ, ಹಮಾಲರು ಬರುತ್ತಾರೆ. ಆದರೆ ಗೂಡಿಗೆ ಬೆಲೆ ಹಾಕುವ ಹಕ್ಕು ಲೈಸೆನ್ಸ್ ಇರುವ ರೀಲರುಗಳಿಗೆ (ಗೂಡಿನಿಂದ ನೂಲು ತೆಗೆಯುವವರಿಗೆ) ಮಾತ್ರ. ಒಳಗೆ ಬರುವುದು ಬೇರೆ, ಹರಾಜು ಕೂಗುವುದು ಬೇರೆ. ಸಂಸ್ಥೆಯೊಂದು ತನಗಾಗಿಯೇ ನಡೆಸುವ ಖಾಸಗಿ ಕ್ಲೌಡ್‌ನಲ್ಲಿಯೂ ಹಾಗೇ: ಪಾಸ್‌ವರ್ಡ್ ಸರಿಯಿದ್ದರೆ ಲಾಗಿನ್ ಆಗುತ್ತದೆ, ಒಳಗೆ ಏನು ಮಾಡಬಹುದು ಎಂಬುದನ್ನು ರೋಲ್ ಹೇಳುತ್ತದೆ.

ಚಿಕ್ಕಬಳ್ಳಾಪುರದ ಕಾಲೇಜೊಂದು ತನ್ನದೇ ಸರ್ವರ್‌ಗಳ ಮೇಲೆ ಓಪನ್‌ಸ್ಟ್ಯಾಕ್ ಹಾಕಿಕೊಂಡಿದೆ ಎಂದಿಟ್ಟುಕೊಳ್ಳಿ. 2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಶುರು ಮಾಡಿದ, ಕ್ಲೌಡ್ ಕಟ್ಟುವ ಮುಕ್ತ ತಂತ್ರಾಂಶ ಇದು. ಯಾರಿಗೆ ಯಾವ ರೋಲ್ ಎಂಬ ಲೆಕ್ಕ ಇಡುವುದು ಇದರ ಕೀಸ್ಟೋನ್ ಎಂಬ ಭಾಗ. 'ಗೂಡು' ಎಂಬ ಪ್ರಾಜೆಕ್ಟ್‌ನಲ್ಲಿದ್ದ ಸುಮಾ ಎಂಬ ವಿದ್ಯಾರ್ಥಿನಿ ಕೋರ್ಸ್ ಮುಗಿಸಿ ಹೋಗಿದ್ದಾಳೆ. ಅವಳ ಪ್ರವೇಶ ನಿಜವಾಗಿ ನಿಂತಿದೆಯೇ? ಅಡ್ಮಿನ್ ಖಾತೆಯಿಂದ ಟರ್ಮಿನಲ್‌ನಲ್ಲಿ ಹೀಗೆ ಕೇಳಬೇಕು (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ, ಇಲ್ಲಿ ಉಚ್ಚಾರದಂತೆ ಬರೆದಿದೆ):

ಓಪನ್‌ಸ್ಟ್ಯಾಕ್ ರೋಲ್ ಅಸೈನ್‌ಮೆಂಟ್ ಲಿಸ್ಟ್ --ಯೂಸರ್ ಸುಮಾ --ಪ್ರಾಜೆಕ್ಟ್ ಗೂಡು --ನೇಮ್ಸ್

'ನೇಮ್ಸ್' ಬಿಟ್ಟರೆ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ 32 ಅಕ್ಷರಗಳ ಐಡಿಗಳು ಬರುತ್ತವೆ, ಓದಲಾಗುವುದಿಲ್ಲ. ಒಂದೇ ಹೆಸರು ಎರಡು ಡೊಮೈನ್‌ಗಳಲ್ಲಿದ್ದರೆ (ಬಳಕೆದಾರರನ್ನೂ ಪ್ರಾಜೆಕ್ಟ್‌ಗಳನ್ನೂ ಒಟ್ಟಿಗೆ ಇಡುವ ದೊಡ್ಡ ವಿಭಾಗವೇ ಡೊಮೈನ್) 'ಯೂಸರ್-ಡೊಮೈನ್' ಕೂಡ ಕೊಡಬೇಕು, ಇಲ್ಲದಿದ್ದರೆ ಯಾರ ಲೆಕ್ಕ ಕೇಳುತ್ತಿದ್ದೀರಿ ಎಂಬುದು ಸ್ಪಷ್ಟವಾಗುವುದಿಲ್ಲ.

ಈ ಆಜ್ಞೆಗೆ ಖಾಲಿ ಪಟ್ಟಿ ಬಂತು ಅನ್ನಿ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಮೋಸ ಹೋಗುವುದೂ ಇಲ್ಲೇ. ಈ ಪಟ್ಟಿ ತೋರಿಸುವುದು ಸುಮಾಳ ಹೆಸರಿಗೆ ನೇರವಾಗಿ ಬರೆದಿಟ್ಟ ರೋಲ್‌ಗಳನ್ನು ಮಾತ್ರ. ಆದರೆ ರೋಲ್ ಗುಂಪಿನ ಮೂಲಕವೂ ಬರಬಹುದು. ಈ ಪ್ರಾಜೆಕ್ಟ್‌ಗೆ ಮೇಲಿರುವ ಇನ್ನೊಂದು ಪ್ರಾಜೆಕ್ಟ್‌ನಿಂದಲೋ ಡೊಮೈನ್‌ನಿಂದಲೋ ಇಳಿದೂ ಬರಬಹುದು. ಒಂದು ರೋಲ್ ಇನ್ನೊಂದನ್ನು ಜೊತೆಗೇ ತರುವುದೂ ಉಂಟು: ಅಡ್ಮಿನ್ ಆದವರು ಮೆಂಬರ್ ಕೂಡ, ಮೆಂಬರ್ ಆದವರು ರೀಡರ್ (ಬರೀ ನೋಡಬಲ್ಲವರು) ಕೂಡ. ಇವೆಲ್ಲ ಕಾಣಬೇಕಾದರೆ ಅದೇ ಆಜ್ಞೆಯ ಕೊನೆಗೆ --ಎಫೆಕ್ಟಿವ್ ಸೇರಿಸಿ. ಈಗ ಎರಡು ಸಾಲು ಬರುತ್ತವೆ: ಮೆಂಬರ್, ರೀಡರ್. ಹೋದಳು ಎಂದುಕೊಂಡ ಸುಮಾ ಇನ್ನೂ ಪ್ರಾಜೆಕ್ಟ್‌ನಲ್ಲೇ ಇದ್ದಾಳೆ.

ಎಫೆಕ್ಟಿವ್ ಪಟ್ಟಿಗೂ ಒಂದು ಕೊರತೆಯಿದೆ. ಗುಂಪನ್ನು ಬಿಡಿಸಿ ಒಬ್ಬೊಬ್ಬರ ಹೆಸರಿಗೆ ಬರೆಯುವುದರಿಂದ ಗ್ರೂಪ್ ಎಂಬ ಕಾಲಂ ಖಾಲಿಯಾಗಿರುತ್ತದೆ, ರೋಲ್ ಎಲ್ಲಿಂದ ಬಂತು ಎಂದು ಕಾಣುವುದಿಲ್ಲ. ಹಾಗಾಗಿ ಎರಡೂ ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಇದ್ದರೆ ಅದು ಸುತ್ತು ದಾರಿಯಲ್ಲಿ ಬಂದ ರೋಲ್. ಮೂಲ ಗೊತ್ತಿಲ್ಲದೆ 'ರೋಲ್ ರಿಮೂವ್' ಹೊಡೆದರೆ ಅಂಥ ಅಸೈನ್‌ಮೆಂಟ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ನೇರವಾಗಿ ಕೊಡದೆ ಇದ್ದದ್ದನ್ನು ನೇರವಾಗಿ ತೆಗೆಯಲಾಗದು. 'ಗ್ರೂಪ್ ಲಿಸ್ಟ್ --ಯೂಸರ್ ಸುಮಾ' ಎಂದು ಕೇಳಿ ಗುಂಪು ಪತ್ತೆಮಾಡಿ, 'ಗ್ರೂಪ್ ರಿಮೂವ್ ಯೂಸರ್' ಎಂದು ಹೆಸರು ತೆಗೆಯಿರಿ. ಗುಂಪು ಕಾಲೇಜಿನ ಎಲ್‌ಡ್ಯಾಪ್‌ನಿಂದ (ಬಳಕೆದಾರರ ಹೆಸರುಪಟ್ಟಿ ಇಡುವ ಬೇರೆ ವ್ಯವಸ್ಥೆಯಿಂದ) ಬರುತ್ತಿದ್ದರೆ ಅಲ್ಲಿಯೇ ತೆಗೆಯಬೇಕು.

ಇಳಿದು ಬರುವ ರೋಲ್‌ನಲ್ಲಿ ಒಂದು ಸೂಕ್ಷ್ಮವಿದೆ. 'ಇನ್‌ಹೆರಿಟೆಡ್' ಎಂದು ಕೊಟ್ಟದ್ದು ಕೊಟ್ಟ ಜಾಗದಲ್ಲಿ ನಡೆಯುವುದಿಲ್ಲ, ಅದರ ಕೆಳಗಿನ ಪ್ರಾಜೆಕ್ಟ್‌ಗಳಲ್ಲಿ ಮಾತ್ರ ನಡೆಯುತ್ತದೆ. ಮೇಲೆ ನೋಡಿ ಏನೂ ಇಲ್ಲ ಅಂದುಕೊಂಡರೆ ಕೆಳಗೆಲ್ಲ ಪ್ರವೇಶ ಉಳಿದಿರುತ್ತದೆ.

ಅಡ್ಮಿನ್ ರೋಲ್ ಅಂತೂ ಬಹಳ ಜಾಗ್ರತೆಯಿಂದ ಕೊಡಬೇಕಾದ್ದು. ಒಂದು ಸಣ್ಣ ಪ್ರಾಜೆಕ್ಟ್‌ಗೆ ಕೊಟ್ಟರೂ ಅದು ಇಡೀ ಕ್ಲೌಡ್‌ಗೆ ಕೊಟ್ಟ ಹಾಗೆ. 968696 ಎಂಬ ಸಂಖ್ಯೆಯ ದೋಷವರದಿಯಾಗಿ 2012ರಿಂದ ಓಪನ್‌ಸ್ಟ್ಯಾಕ್ ಬಳಗದಲ್ಲಿ ಚರ್ಚೆಯಾದ ವಿಷಯ ಇದು. ಪ್ರಾಜೆಕ್ಟ್ ಮೇಲ್ವಿಚಾರಕರಿಗೆ ಮೆಂಬರ್ ಸಾಕು.

ತೆಗೆದ ತಕ್ಷಣ ಪರೀಕ್ಷಿಸಿದರೆ ಸುಮಾಳ ಹಳೆಯ ಟೋಕನ್ (ಲಾಗಿನ್ ಆದಾಗ ಸಿಗುವ ತಾತ್ಕಾಲಿಕ ಚೀಟಿ) ಇನ್ನೂ ಕೆಲಸ ಮಾಡಬಹುದು. ನೋವಾ (ವರ್ಚುವಲ್ ಯಂತ್ರ ನಡೆಸುವುದು), ಸಿಂಡರ್ (ಡಿಸ್ಕ್ ಜಾಗ ಕೊಡುವುದು) ಥರದ ಸೇವೆಗಳು ಟೋಕನ್ ಪರಿಶೀಲನೆಯ ಫಲಿತಾಂಶವನ್ನು ಸಾಮಾನ್ಯವಾಗಿ 300 ಸೆಕೆಂಡ್ ನೆನಪಿಟ್ಟುಕೊಳ್ಳುತ್ತವೆ. ಐದು ನಿಮಿಷ ಬಿಟ್ಟು ನೋಡಿ. ಸ್ಕ್ರಿಪ್ಟ್‌ಗಳಿಗೆಂದು ಮಾಡಿಕೊಂಡ ಬೇರೆ ಕೀಲಿಗಳಿದ್ದರೆ 'ಅಪ್ಲಿಕೇಶನ್ ಕ್ರೆಡೆನ್ಶಿಯಲ್ ಲಿಸ್ಟ್ --ಯೂಸರ್ ಸುಮಾ' ತೋರಿಸುತ್ತದೆ.

ಕೀಸ್ಟೋನ್‌ಗೆ ಕಾಣದ ಬಾಗಿಲೂ ಒಂದಿದೆ. ವರ್ಚುವಲ್ ಯಂತ್ರ ಎಬ್ಬಿಸುವಾಗ ಅವಳ ಎಸ್‌ಎಸ್‌ಎಚ್ ಕೀಲಿಯನ್ನು (ದೂರದಿಂದ ಯಂತ್ರಕ್ಕೆ ನೇರ ಲಾಗಿನ್ ಆಗುವ ಕೀಲಿ) ಒಂದು ಸಾಲಾಗಿ ಒಳಗೆ ಬರೆದಿಟ್ಟಾಗಿದೆ. ರೋಲ್ ಹೋದರೂ ಆ ಸಾಲು ಅಲ್ಲೇ ಉಳಿಯುತ್ತದೆ. ಪ್ರತಿ ಯಂತ್ರಕ್ಕೂ ಲಾಗಿನ್ ಆಗಿ 'ಆಥರೈಸ್ಡ್ ಕೀಸ್' ಕಡತ ತೆರೆದು, ಆ ಒಂದು ಸಾಲನ್ನು ಕೈಯಾರೆ ಅಳಿಸಿ.