ಕಾಂಗರೂ ಪಾ ಬೀಜಕ್ಕೆ ಹೊಗೆ ಯಾಕೆ ಬೇಕು?

ಕಾಂಗರೂ ಪಾ ಎಂಬ ಹೂಗಿಡದ ಬೀಜ ಮೊಳೆಯದಿದ್ದರೆ ಮಾರಿದವನನ್ನು ಬೈಯುವುದು ರೂಢಿ. ಎಷ್ಟೋ ಸಲ ಬೀಜ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಹೊಗೆ ತಗುಲಿರುವುದಿಲ್ಲ, ಅಷ್ಟೇ.

ಈ ಗಿಡದ ತವರು ಆಸ್ಟ್ರೇಲಿಯಾದ ನೈಋತ್ಯ ಮೂಲೆ. ಹೂವನ್ನು ಕಣ್ಣ ಹತ್ತಿರ ಹಿಡಿದರೆ ಮೊದಲು ಕಾಣುವುದು ದಟ್ಟವಾದ ತುಪ್ಪಳ. ಬಣ್ಣವೆಲ್ಲ ಆ ತುಪ್ಪಳದ್ದೇ. ಪಶ್ಚಿಮ ಆಸ್ಟ್ರೇಲಿಯಾ 1960ರಲ್ಲಿ ತನ್ನ ರಾಜ್ಯದ ಹೂವೆಂದು ಆರಿಸಿಕೊಂಡ ಜಾತಿಯಲ್ಲಿ ಕಾಂಡಕ್ಕೆ ಕಡುಕೆಂಪು ತುಪ್ಪಳ, ಹೂವಿನ ಕೊಳವೆಗೆ ಹಸಿರು ತುಪ್ಪಳ. ಯುರೋಪಿನ ವಿಜ್ಞಾನಕ್ಕೆ ಈ ಗಿಡದ ಪರಿಚಯವಾಗಿದ್ದೂ ಒಂದು ಕಥೆ. 1792ರಲ್ಲಿ ಎರಡು ಫ್ರೆಂಚ್ ಹಡಗುಗಳು, ಕಾಣೆಯಾಗಿದ್ದ ನಾವಿಕ ಲಾ ಪೆರೂಸ್‌ನನ್ನು ಹುಡುಕುತ್ತಾ ಆ ಕರಾವಳಿಗೆ ಬಂದವು. ನಾವಿಕ ಸಿಗಲಿಲ್ಲ. ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಲಾಬಿಲಾರ್ಡಿಯೇರ್‌ಗೆ ಗಿಡ ಸಿಕ್ಕಿತು. ಅವನ ಸಂಗ್ರಹ ಯುದ್ಧದ ಗದ್ದಲದಲ್ಲಿ ಇಂಗ್ಲೆಂಡಿನ ಪಾಲಾಯಿತು. ಶತ್ರುದೇಶದವನಾದರೂ ಅಲ್ಲಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಪಟ್ಟು ಹಿಡಿದು ಅದನ್ನು ವಾಪಸ್ ಕೊಡಿಸಿದ. ಕಾಂಗರೂ ಪಾ ಸೇರಿರುವ ಅನಿಗೊಜ್ಯಾಂಥಸ್ ಎಂಬ ಕುಲದ ವಿವರ 1800ರಲ್ಲಿ ಅಚ್ಚಾಯಿತು.

ಆ ಸೀಮೆಯಲ್ಲಿ ಆಗಾಗ ಕಾಡಿಗೆ ಬೆಂಕಿ ಬೀಳುತ್ತದೆ. ಬೆಂಕಿಯ ನಂತರದ ಮಳೆಗೆ ಸಸಿಗಳು ಏಳುತ್ತವೆ. ನಮ್ಮಲ್ಲೂ ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷ ಹುಲ್ಲು ಜೋರಾಗಿ ಬಂದರೆ, ಬೂದಿಯಿಂದಲೇ ಬಂತು ಅನ್ನುತ್ತೇವೆ ಅಲ್ವಾ? ವಿಜ್ಞಾನಿಗಳೂ ಬಹುಕಾಲ ಬೂದಿ ಮತ್ತು ಶಾಖದ ಕಡೆಗೇ ನೋಡಿದರು. 1990ರಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಸಂಶೋಧಕರು ಅಲ್ಲಿನ ಒಂದು ಕಾಡುಗಿಡದ ಬೀಜ ಬರೀ ಹೊಗೆಗೇ ಮೊಳೆಯುತ್ತದೆ ಎಂದು ತೋರಿಸಿದರು. ಹೊಗೆಯಲ್ಲಿ ಅಂಥದ್ದೇನಿದೆ? 2004ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದವರು ಕ್ಯಾರಿಕಿನೊಲೈಡ್ ಎಂಬ ವಸ್ತುವನ್ನು ಹಿಡಿದರು. ಎಷ್ಟೋ ಜಾತಿಯ ಬೀಜಗಳು ಅದಕ್ಕೆ ಓಗೊಟ್ಟವು. ಕಾಂಗರೂ ಪಾ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹಾಗಾದರೆ ಹೊಗೆಯಲ್ಲಿ ಇನ್ನೇನೋ ಇರಲೇಬೇಕು. 2011ರಲ್ಲಿ ಅದೂ ಸಿಕ್ಕಿತು. ಹೆಸರು ಗ್ಲಿಸರೋನೈಟ್ರೈಲ್. ನೀರು ತಾಗಿದರೆ ಇದು ಒಡೆದು ಸಯನೈಡ್ ಬಿಡುತ್ತದೆ. ಹೌದು, ಸಯನೈಡೇ! ಆದರೆ ಡ್ರಿಪ್ ಪೈಪಿನಿಂದ ನೀರು ಬೀಳುವ ಹಾಗೆ, ಬಹಳ ಕಡಿಮೆ, ಬಹಳ ನಿಧಾನ. ಬೀಜಕ್ಕೆ ಇದು ಹೊಸದೂ ಅಲ್ಲ. ಕಾಯಿ ಹಣ್ಣಾಗಿಸುವ ಎಥಿಲೀನ್ ಅನಿಲವನ್ನು ಗಿಡಗಳು ತಯಾರಿಸುವಾಗಲೂ ಒಂದಿಷ್ಟು ಸಯನೈಡ್ ಹುಟ್ಟುತ್ತದೆ.

ರಾಯಚೂರು, ಬಳ್ಳಾರಿಯ ಜೋಳದ ರೈತರಿಗೆ ಇದರ ಇನ್ನೊಂದು ಮುಖ ಗೊತ್ತು. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ ಮೇಯ್ದು ದನ ಸಾಯುತ್ತದೆ. ಅಲ್ಲೂ ಕೊಲ್ಲುವುದು ಸಯನೈಡೇ. ಜೋಳದ ಎಲೆಯಲ್ಲಿರುವ ಧುರಿನ್ ಎಂಬ ವಸ್ತು ಒಡೆದಾಗ ಮೊದಲು ಹುಟ್ಟುವ ವಸ್ತುವೂ, ಹೊಗೆಯ ಈ ವಸ್ತುವೂ ಒಂದೇ ರಾಸಾಯನಿಕ ಗುಂಪಿಗೆ ಸೇರಿದವು. ಪ್ರಮಾಣ ಜಾಸ್ತಿಯಾದರೆ ಎತ್ತು ಸಾಯುತ್ತದೆ, ಚೂರೇ ಚೂರು ಸಿಕ್ಕರೆ ಬೀಜ ಏಳುತ್ತದೆ. ನನಗಂತೂ ಇದಕ್ಕಿಂತ ಚೆಂದದ ವಿಷಯ ತೋಟಗಾರಿಕೆಯಲ್ಲೇ ಸಿಕ್ಕಿಲ್ಲ.

ಇಷ್ಟು ಹೇಳಿದ ಕೂಡಲೇ "ನೋಡಿದಿರಾ, ಹೋಮದ ಮಹಿಮೆ" ಅನ್ನುವವರಿದ್ದಾರೆ. ನನಗೆ ಚಿಂತೆಯಾಗುವುದೇ ಇಲ್ಲಿ. ಈ ಬೀಜಕ್ಕೆ ಮುಹೂರ್ತ ಬೇಡ, ಮಂತ್ರ ಬೇಡ, ತುಪ್ಪವೂ ಬೇಡ. ಹೊಲದ ಬದುವಿನ ಒಣಹುಲ್ಲಿನ ಹೊಗೆ ಸಾಕು. ಮೆಣಸಿನಕಾಯಿಗೆ ಮುಟುರು ರೋಗ ಬಂದಾಗ ಇದೇ ನಂಬಿಕೆಯಲ್ಲಿ ಹೋಮ ಮಾಡಿಕೊಂಡು ಕೂತರೆ ಬೆಳೆ ಕೈಬಿಟ್ಟು ಹೋಗುತ್ತದೆ.

ಈಗ ನಮ್ಮ ಕೊಪ್ಪಳದ ಕಡೆ ಬೆಳೆಸುವ ಮಾತು. ಗಿಡದ ತವರಿನ ಪರ್ತ್ ನಗರದಲ್ಲೂ ಮಳೆ ಜಾಸ್ತಿ ಬೀಳುವುದು ಜೂನ್, ಜುಲೈ, ಆಗಸ್ಟ್‌ನಲ್ಲೇ. ಆದರೆ ಅಲ್ಲಿ ಅದು ಚಳಿಗಾಲ. ಈ ಗಿಡಕ್ಕೆ ಒದ್ದೆ ಮತ್ತು ತಂಪು ಒಟ್ಟಿಗೆ ಬೇಕು. ನಮ್ಮ ಮಳೆಗಾಲದ ಒದ್ದೆ ಮತ್ತು ಸೆಖೆ ಸೇರಿದರೆ ಬೇರು ಕೊಳೆಯುತ್ತದೆ, ಎಲೆಗೆ ಮಸಿ ಚೆಲ್ಲಿದಂಥ ಕಪ್ಪು ಕಲೆ ಬೀಳುತ್ತದೆ. ಅದಕ್ಕೇ ಬಿತ್ತನೆ ದೀಪಾವಳಿ ಕಳೆದ ಮೇಲಿರಲಿ.

ಎರೆ ಮಣ್ಣು ಬೇಡವೇ ಬೇಡ. ನೀರು ನಿಲ್ಲಿಸಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮಸಾರಿ ಮಣ್ಣಿಗೆ ಅಷ್ಟೇ ಹೊಳೆ ಮರಳು ಬೆರೆಸಿ ಕುಂಡದಲ್ಲೇ ಹಾಕಿ. ಬೂದಿ ಸುರಿಯಬೇಡಿ, ಮಣ್ಣು ಕ್ಷಾರವಾಗುತ್ತದೆ. ಗದ್ದೆಗೆ ತಂದ ಡಿಎಪಿ ಮಿಕ್ಕಿದೆ ಅಂತ ಒಂದು ಹಿಡಿ ಹಾಕುವುದೂ ಬೇಡ. ಅದರಲ್ಲಿ ರಂಜಕ ಬಹಳ, ಆಕ್ಸೈಡ್ ಲೆಕ್ಕದಲ್ಲಿ ನೂರಕ್ಕೆ 46 ಪಾಲು. ಈ ಗಿಡದ ತವರಿನ ಮಣ್ಣಿನಲ್ಲಿ ರಂಜಕ ತೀರಾ ಕಡಿಮೆ.

ಬಿತ್ತಿದ ಟ್ರೇ ಮೇಲೆ ದೊಡ್ಡ ಬುಟ್ಟಿ ಕವುಚಿ, ಬಯಲಲ್ಲಿ ತಗಡಿನ ಡಬ್ಬಿಯೊಳಗೆ ಹುಲ್ಲು ಹೊಗೆಯಾಡಿಸಿ, ಪೈಪಿನಲ್ಲಿ ಒಂದು ತಾಸು ಹೊಗೆ ಬಿಡಿ. ಪೈಪು ಉದ್ದವಿದ್ದರೆ ಹೊಗೆ ಆರಿ ತಣ್ಣಗಾಗಿ ಬರುತ್ತದೆ. ಆಮೇಲೆ ಹಗುರವಾಗಿ ನೀರು ಚಿಮುಕಿಸಿದರೆ ಹೊಗೆಯ ಅಂಶ ಮಣ್ಣಿಗಿಳಿಯುತ್ತದೆ. ಬೋರಿನ ಉಪ್ಪು ನೀರಿಗಿಂತ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡಿ. ಬೀಜ ಕೊಳ್ಳುವಾಗಲೇ ಫ್ಲಾವಿಡಸ್ ಜಾತಿಯದ್ದನ್ನು ಕೇಳಿ. ಎಲ್ಲಕ್ಕಿಂತ ಗಟ್ಟಿ ಅದೇ, ಆಳೆತ್ತರ ಮೀರಿ ಹೂ ಬಿಡುತ್ತದೆ. ಹೂ ಬಿಟ್ಟ ಎಲೆಗುಚ್ಛ ಮತ್ತೆ ಹೂ ಕೊಡುವುದಿಲ್ಲ. ಬುಡಕ್ಕೇ ಕತ್ತರಿಸಿ, ಪಕ್ಕದಲ್ಲಿ ಹೊಸದು ಬರುತ್ತದೆ.