ಗುಪ್ತಚರ ದಳದವರು ಕಾಲೇಜಿಗೇ ಬಂದು ಆರಿಸುತ್ತಾರಂತೆ, ಹೌದೇ?

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ. ಗುಪ್ತಚರ ದಳದಲ್ಲಿ ಕೆಲಸ ಮಾಡುವ ಆಸೆ. ಅವರು ಗುಟ್ಟಾಗಿ ಗಮನಿಸಿ ತಾವೇ ಕರೆಯುತ್ತಾರಂತೆ. ಅವರ ಕಣ್ಣಿಗೆ ಬೀಳಲು ಏನು ಮಾಡಬೇಕು ಸರ್?

ಉತ್ತರ: ಇದಕ್ಕೆ ಉತ್ತರಿಸುತ್ತಿರುವುದು ಎಷ್ಟನೆಯ ಸಲವೋ, ಲೆಕ್ಕ ತಪ್ಪಿದೆ. ಕಣ್ಣಿಗೆ ಬೀಳುವುದು ಬೇಡಪ್ಪಾ, ಅರ್ಜಿ ಹಾಕು.

ಪದವೀಧರರು ಕೇಂದ್ರದ ಗುಪ್ತಚರ ದಳಕ್ಕೆ, ಅಂದರೆ ಐಬಿಗೆ (ಇಂಟೆಲಿಜೆನ್ಸ್ ಬ್ಯೂರೊ) ಸೇರುವ ಹುದ್ದೆಗೆ ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ಎಂದು ಹೆಸರು, ಚಿಕ್ಕದಾಗಿ ಎಸಿಐಒ. 2025ರ ಜುಲೈನಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ 3,717 ಹುದ್ದೆಗಳಿಗೆ ಊರಿಗೆಲ್ಲ ಕಾಣುವಂತೆ ಪ್ರಕಟಣೆ ಹೊರಡಿಸಿತು. ಯಾವ ವರ್ಗಕ್ಕೆ ಎಷ್ಟು ಮೀಸಲು, ವಯಸ್ಸಿನ ಮಿತಿ 18ರಿಂದ 27, ಯಾರಿಗೆ ಎಷ್ಟು ಸಡಿಲಿಕೆ, ಎಲ್ಲವೂ ಅದರಲ್ಲೇ ಇತ್ತು. ಎಲ್ಲ ಅಭ್ಯರ್ಥಿಗಳೂ ಕಟ್ಟಬೇಕಾದ 550 ರೂಪಾಯಿ ಶುಲ್ಕವೂ ಇತ್ತು. ಗುಟ್ಟಾಗಿ ಆರಿಸಿಕೊಳ್ಳುವವರು ಶುಲ್ಕ ಕಟ್ಟಿಸಿಕೊಳ್ಳುತ್ತಾರೆಯೇ?

ಪರೀಕ್ಷಾ ಕೇಂದ್ರಕ್ಕೆ ಹೋಗಿ ನೋಡಿ. ಕಳೆದ ತಿಂಗಳು ಬ್ಯಾಂಕ್ ಪರೀಕ್ಷೆ ಬರೆದವರೇ ಅಲ್ಲೂ ಸಾಲುಗಟ್ಟಿ ನಿಂತಿರುತ್ತಾರೆ. ಆಧಾರ್ ಕಾರ್ಡನ್ನು ಪ್ರವೇಶಪತ್ರದೊಳಗೆ ಮಡಚಿಟ್ಟುಕೊಂಡು, ಬೆಲ್ಟು ಬಿಚ್ಚಿ, ಬೆರಳಚ್ಚು ಕೊಟ್ಟು ಒಳಗೆ ಹೋಗುತ್ತಾರೆ. ಹೊರಗೆ ಬೇವಿನ ಮರದ ನೆರಳಿನಲ್ಲಿ ಅಪ್ಪಂದಿರು ಬ್ಯಾಗು ಕಾಯುತ್ತಾ ಕುಳಿತಿರುತ್ತಾರೆ. ಒಳಗೆ ಒಂದು ಗಂಟೆಯಲ್ಲಿ ನೂರು ಪ್ರಶ್ನೆ. ನಾಲ್ಕು ತಪ್ಪಿಗೆ ಒಂದು ಅಂಕ ಖೋತಾ. ಅದು ದಾಟಿದರೆ 50 ಅಂಕಗಳ ವಿವರಣಾತ್ಮಕ ಪತ್ರಿಕೆ, ಆಮೇಲೆ ಸಂದರ್ಶನ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರು ಮುಗ್ಗರಿಸುವುದು ಈ ಎರಡನೆಯ ಹಂತದಲ್ಲಿ. ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವವನಿಗೂ ಇಂಗ್ಲಿಷಿನಲ್ಲಿ ಎರಡು ಪುಟ ಪ್ರಬಂಧ ಬರೆ ಎಂದರೆ ಬೆವರು.

ಹಾಗಾದರೆ ಗುಟ್ಟಾಗಿ ಗಮನಿಸಿ ಕರೆಯುತ್ತಾರೆಂಬ ಈ ಕಥೆ ಹುಟ್ಟಿದ್ದೆಲ್ಲಿ? ‘ರಾ’ (ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್) ಮತ್ತು ಐಬಿಯನ್ನು ಒಂದೇ ಎಂದು ಕಲಸಿದ್ದರಿಂದ. ಐಬಿಯ ಬೇರು 1887ರಷ್ಟು ಹಳೆಯದು, ಕೆಲಸ ದೇಶದೊಳಗೆ. 1968ರಲ್ಲಿ ಅದರಿಂದಲೇ ಒಡೆದು ವಿದೇಶದ ಕೆಲಸಕ್ಕೆಂದು ಆದದ್ದು ‘ರಾ’. ಮೊದಲ ಮುಖ್ಯಸ್ಥ ಆರ್.ಎನ್. ಕಾವ್ ಐಬಿಯಿಂದಲೇ ಹೋದವರು. ಅಲ್ಲಿ ಆರಂಭದಲ್ಲಿ ಕೆಲವರನ್ನು ನೇರವಾಗಿ ಗುರುತಿಸಿ ಕರೆದುಕೊಂಡದ್ದುಂಟು. ಇಂದಿಗೂ ಐಪಿಎಸ್ ಮುಂತಾದ ಸೇವೆಗಳಲ್ಲಿ ಇರುವವರನ್ನು ಕರೆದುಕೊಳ್ಳುತ್ತಾರೆ. ಅಂದರೆ, ಕರೆಯುವುದು ಆಗಲೇ ಸರ್ಕಾರಿ ಕುರ್ಚಿಯಲ್ಲಿ ಕುಳಿತವರನ್ನು; ಕಾಲೇಜಿನ ಕ್ಯಾಂಟೀನಿನಲ್ಲಿ ಕಪ್ಪು ಕನ್ನಡಕ ಹಾಕಿ ಕುಳಿತವರನ್ನಲ್ಲ. ‘ರಾ ಪರೀಕ್ಷೆಗೆ ತರಬೇತಿ’ ಎಂಬ ಜಾಹೀರಾತು ಕಂಡರೆ ನಿಮ್ಮ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.

ಗುಟ್ಟಿನ ವಿಚಾರಣೆ ಒಂದು ನಡೆಯುವುದು ನಿಜ, ಆದರೆ ಆಯ್ಕೆಯಾದ ಮೇಲೆ, ಅದೂ ನಿಮ್ಮದೇ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಪರಿಶೀಲನೆಗೆ ಬಂದವರು ಅವನ ಮನೆ ಎದುರಿನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೊಳ್ಳುತ್ತಾ ‘ಹುಡುಗ ಹೇಗೆ?’ ಎಂದು ಕೇಳಿದ್ದರಂತೆ. ಅಂಗಡಿಯವರು ‘ಒಳ್ಳೆಯವನೇ, ಉದ್ರಿ ಬಾಕಿ ಇದೆ’ ಎಂದರಂತೆ! ಆದರೂ ಕೆಲಸ ಸಿಕ್ಕಿತು. ಗೆದ್ದ ಶಿಷ್ಯನ ಹೆಸರನ್ನು ಗೋಡೆಯ ಮೇಲೆ ಬರೆಸಿಕೊಳ್ಳಲಾಗದ ಏಕೈಕ ಮೇಷ್ಟರು ನಾನು.

ರಜೆಗೆ ಬಂದಾಗ ಏನು ಕೆಲಸ ಎಂದರೆ ‘ಬರೆಯುವುದು, ಸರ್’ ಎನ್ನುತ್ತಾನೆ. ಸುಳ್ಳಲ್ಲ. ಐಬಿಯವರಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಕೇಳಿದ್ದನ್ನು, ಕಂಡದ್ದನ್ನು ತಾಳೆ ನೋಡಿ ವರದಿ ಮಾಡಬೇಕು, ಬಾಗಿಲು ತಟ್ಟುವವರು ಪೊಲೀಸರು. ಆರಂಭದ ಮೂಲವೇತನ 44,900 ರೂಪಾಯಿ, ಅದರ ಮೇಲೆ ಶೇ 20ರ ವಿಶೇಷ ಭದ್ರತಾ ಭತ್ಯೆ. ದೇಶದ ಯಾವ ಮೂಲೆಗಾದರೂ ವರ್ಗವಾಗಬಹುದು.

ನಿವೃತ್ತಿಯ ಮೇಲೆ ಇದನ್ನೆಲ್ಲ ಪುಸ್ತಕ ಮಾಡಬಹುದೇ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2021ರಲ್ಲಿ ಪಿಂಚಣಿ ನಿಯಮ ಬಿಗಿಯಾಯಿತು. ಸಂಸ್ಥೆಯ ಕೆಲಸಕ್ಕೆ ಸಂಬಂಧಿಸಿದ್ದನ್ನು ಪ್ರಕಟಿಸುವ ಮುನ್ನ ಸಂಸ್ಥೆಯ ಮುಖ್ಯಸ್ಥರ ಅನುಮತಿ ಬೇಕು; ಮೀರಿದರೆ ಪಿಂಚಣಿಗೇ ಕುತ್ತು. 24ಕ್ಕೆ ಸೇರಿ 60ಕ್ಕೆ ಹೊರಬಂದವನು 36 ವರ್ಷದ ಕಥೆಯನ್ನು ಮೊಮ್ಮಕ್ಕಳಿಗೂ ಅಳೆದು ತೂಗಿಯೇ ಹೇಳಬೇಕು.

ನಿಮಗೆ ಆ ಚಿಂತೆ ಬರಲು ಇನ್ನೂ ಬಹಳ ಕಾಲವಿದೆ. ಸದ್ಯಕ್ಕೆ ದಿನಕ್ಕೊಂದು ಇಂಗ್ಲಿಷ್ ಪ್ರಬಂಧ ಬರೆದು ಯಾರಿಗಾದರೂ ತೋರಿಸಿ.