ಮಾತು ತಡವಾದರೆ ಮೊದಲು ಕಿವಿ ತೋರಿಸಿ

ಎರಡು ತುಂಬಿದ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸುತ್ತಿಲ್ಲವೆಂದರೆ ಮನೆಯವರ ಮೊದಲ ಸಮಾಧಾನ: ‘ಅವರಪ್ಪನೂ ಲೇಟಾಗೇ ಮಾತಾಡಿದ್ದು.’ ಇರಬಹುದು. ಅದನ್ನು ನಂಬಿ ಇನ್ನೊಂದು ವರ್ಷ ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಿ.

ತಟ್ಟೆ ಬಡಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಅನ್ನುವ ಲೆಕ್ಕ ಉಪಯೋಗವಿಲ್ಲ. ತಟ್ಟೆಯ ಸದ್ದು ಜೋರು. ಬಡಿಯುವ ಕೈಯೂ ಕಣ್ಣಂಚಿಗೆ ಬಿದ್ದಿರುತ್ತದೆ. ಸ, ಶ, ತ ಮುಂತಾದ ಮೆಲ್ಲನೆಯ ಸದ್ದುಗಳು ಕೇಳಿಸದ ಮಗುವೂ ತಿರುಗೀತು. ಹುಟ್ಟಿದ 1 ತಿಂಗಳೊಳಗೆ ಓಎಇ (ಕಿವಿಯೊಳಗೆ ಸಣ್ಣ ಸದ್ದು ಬಿಟ್ಟು ಒಳಗಿವಿಯ ಪ್ರತಿಧ್ವನಿ ಅಳೆಯುವ) ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತತೆ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ಗುರಿ. ತಪ್ಪಿಹೋಗಿದ್ದರೆ ಈಗಲೇ ಮಾಡಿಸಿ.

ತಲೆಗೆ ತಂತಿ ಅಂಟಿಸಿ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ಅಲುಗಾಡದೆ ನಿದ್ದೆಯಲ್ಲಿರಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಆಟೋದಲ್ಲೇ ನಿದ್ದೆ ಮುಗಿಸಿಕೊಂಡ ಕೂಸು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವುದಿಲ್ಲ, ದಿನ ವ್ಯರ್ಥ. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯುದ್ದಕ್ಕೂ ಎಚ್ಚರವಾಗಿಡಿ. ನಿದ್ದೆ ಔಷಧಿ ಕೊಡುವುದಿದ್ದರೆ ಎಷ್ಟು ಹೊತ್ತು ಹಾಲು ಕುಡಿಸಬಾರದೆಂದು ಮೊದಲೇ ಕೇಳಿಕೊಳ್ಳಿ.

ಕಿವಿ ಸರಿಯಿದ್ದರೆ ಬೆಳವಣಿಗೆಯ ಪೂರ್ತಿ ತಪಾಸಣೆ ಆಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್ ಇದ್ದೇ ಇವೆ. ಆಟಿಸಂ ಹೌದೋ ಅಲ್ಲವೋ ತೀರ್ಮಾನವಾಗುವವರೆಗೆ ಮಾತಿನ ಥೆರಪಿ ತಡೆಹಿಡಿಯುವ ಅಗತ್ಯವಿಲ್ಲ.

ವಾರಕ್ಕೆರಡು ಸಲದ ಥೆರಪಿಯಿಂದಷ್ಟೇ ಮಾತು ಬರುವುದಿಲ್ಲ. ಉಳಿದದ್ದು ಮನೆಯಲ್ಲೇ ಆಗಬೇಕು. ದೋಸೆಯನ್ನು ಎಂಟು ಚೂರು ಮಾಡಿ, ತಟ್ಟೆ ನಿಮ್ಮ ಬಳಿ ಇಟ್ಟುಕೊಳ್ಳಿ. ಒಂದು ಚೂರು ಮಗುವಿನ ಮುಖದ ನೇರಕ್ಕೆ ಹಿಡಿದು ‘ದೋಸೆ ಬೇಕಾ?’ ಎಂದು ಒಮ್ಮೆ ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ. ನೋಟ, ಕೈಚಾಚು, ‘ದೋ’ ಎಂಬ ಸದ್ದು, ಯಾವುದು ಬಂದರೂ ‘ದೋಸೆ ಬೇಕು’ ಎಂದು ನೀವೇ ಹೇಳಿ ತಕ್ಷಣ ಕೊಡಿ. ಒಂದು ತಿಂಡಿಗೆ ಎಂಟು ಅವಕಾಶ. ಕೆಡುವುದು ಎರಡು ಕಡೆ: ಎಣಿಕೆ ಮುಗಿಯುವ ಮೊದಲೇ ಅಜ್ಜಿ ಬಾಯಿಗಿಡುತ್ತಾರೆ, ಇಲ್ಲವೇ ಅಪ್ಪ ‘ಸರಿಯಾಗಿ ಹೇಳು, ಆಮೇಲೆ ಕೊಡ್ತೀನಿ’ ಎಂದು ಅಳಿಸುತ್ತಾರೆ. ಊಟದ ಹೊತ್ತಿಗೆ ಮೊಬೈಲ್ ಎದುರಿದ್ದರಂತೂ ಮಗುವಿಗೆ ‘ಬೇಕು’ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಇನ್ನು, ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತಮಿಳು, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್ ಇರುವುದರಿಂದ ಮಾತು ತಡವಾಗುವುದಿಲ್ಲ. ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಆಡಿ ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಮಗು ಆಡುವ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಒಟ್ಟಿಗೆ ಸೇರಿಸಿ ಬರೆದು, ಆ ಪಟ್ಟಿಯನ್ನು ತಪಾಸಣೆಗೆ ಹೋಗುವಾಗ ತೆಗೆದುಕೊಂಡು ಹೋಗಿ.